ಎಡಗಾಲಿನ ಪಾಲು

ಸಂಜೆಯ ಮಸಾಜ್ ತರಗತಿಯಲ್ಲಿ ಪಾಸಾಗಬೇಕಾದರೆ ಸೊಸೆ ಒಂದು ಪ್ರಯೋಗ ಮಾಡಿ ತೋರಿಸಬೇಕಿತ್ತು. ದಿನವಿಡೀ ನಿಂತು ದುಡಿಯುವವರೊಬ್ಬರ ಒಂದು ಕಾಲನ್ನು ಮಾತ್ರ ಮೂರು ವಾರ ನೀವಬೇಕು, ಇನ್ನೊಂದನ್ನು ಮುಟ್ಟಬಾರದು. ಮೊದಲ ದಿನವೂ ಕೊನೆಯ ದಿನವೂ ಎರಡರ ಊತವನ್ನೂ ಅಳೆದು ಬರೆದಿಡಬೇಕು. ಮನೆಯಲ್ಲೇ ಅತ್ತೆ ಇದ್ದರು. ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಮಾಡಿ ಮಾಡಿ, ಸಂಜೆಯ ಹೊತ್ತಿಗೆ ಅವರ ಪಾದಗಳು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ.

ಅತ್ತೆ ಕಿಟಕಿಯ ಪಕ್ಕದ ಮಂಚದಲ್ಲಿ ಒರಗುತ್ತಿದ್ದರು. ಸೊಸೆ ಬಲಗಾಲನ್ನು ದಿಂಬಿನ ಮೇಲಿಟ್ಟು ಪಾದದಿಂದ ಮೊಣಕಾಲಿನತ್ತ ಒತ್ತುತ್ತಾ ಹೋಗುತ್ತಿದ್ದಳು. ರಕ್ತ ಕಾಲಿಗೆ ಇಳಿಯುವುದು ಸುಲಭ, ಹೃದಯಕ್ಕೆ ವಾಪಸು ಹತ್ತುವುದೇ ಕಷ್ಟ ಎಂದು ಮೇಷ್ಟ್ರು ಹೇಳಿದ್ದರು. ಕಣ್ಣು ಮುಚ್ಚಿದರೆ ಅವಳಿಗೆ ಅದು ಕಾಣುತ್ತಿತ್ತು: ದಣಿದ ಜನ ಸಾಲಾಗಿ ಮೆಟ್ಟಿಲು ಹತ್ತುತ್ತಿದ್ದಾರೆ, ತಾನು ಹಿಂದಿನಿಂದ ಅಂಗೈ ಆಸರೆ ಕೊಡುತ್ತಿದ್ದೇನೆ. ಅತ್ತೆಯ ಕಾಲಿನ ತಣ್ಣಗಿದ್ದ ಹೆಬ್ಬೆರಳು ನಿಧಾನಕ್ಕೆ ಬೆಚ್ಚಗಾಗುತ್ತಿತ್ತು.

"ಕಾಲು ಎಲ್ಲೋ ತೇಲ್ಕೊಂಡು ಹೋಗ್ತಿದೆ ಕಣೆ, ಹಿಡ್ಕೋ," ಎಂದು ಅತ್ತೆ ಅರೆನಿದ್ದೆಯಲ್ಲಿ ಗೊಣಗುತ್ತಿದ್ದರು.

ಕೊನೆಯ ದಿನ ಟೇಪು ಹಿಡಿದಳು. ಬಲಗಾಲಿನ ಸುತ್ತಳತೆ ಎರಡು ಸೆಂಟಿಮೀಟರ್ ಇಳಿದಿತ್ತು. ಎಡಗಾಲಿನದೂ ಅಷ್ಟೇ. ಮೂರು ಸಲ ಅಳೆದಳು. ಹಾಗಾದರೆ ತನ್ನ ಕೈಯಿಂದ ಆದದ್ದು ಏನೂ ಇಲ್ಲ, ಸುಮ್ಮನೆ ಮಲಗಿದ್ದರೂ ಇಳಿಯುತ್ತಿತ್ತು.

"ಯಾಕೆ ಮುಖ ಸಣ್ಣ ಮಾಡ್ಕೊಂಡೆ?"

"ನನ್ನ ಕೈಗುಣ ಇಷ್ಟೇ ಅತ್ತೆ. ಮುಟ್ಟದೇ ಇರೋ ಕಾಲೂ ಇಳಿದಿದೆ."

ಅತ್ತೆ ಕಿಟಕಿಯತ್ತ ತಿರುಗಿದರು. "ಬೈಬಾರದು ಮತ್ತೆ."

"ಯಾಕೆ?"

"ಒಂದಕ್ಕೆ ಇಷ್ಟೊಂದು ಉಪಚಾರ, ಇನ್ನೊಂದಕ್ಕೆ ಏನೂ ಇಲ್ಲ. ಎರಡೂ ನನ್ನವೇ ಅಲ್ವಾ? ಪಾಪ ಅನ್ನಿಸ್ತು. ದಿನಾ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಒತ್ಕೋತಿದ್ದೆ. ನೀನು ಮಾಡೋ ಹಾಗೇ, ಕೆಳಗಿಂದ ಮೇಲಕ್ಕೆ."

ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ನನ್ನ ಪರೀಕ್ಷೆ ಹಾಳಾಯ್ತಲ್ಲ ಅತ್ತೆ."

"ನಿಮ್ಮ ಮೇಷ್ಟ್ರು ಒಂದು ದಿನ ನಮ್ಮ ಲಾಂಡ್ರಿಯಲ್ಲಿ ನಿಂತ್ಕೊಳ್ಲಿ. ಆಮೇಲೆ ಒಂದೇ ಕಾಲು ಒತ್ತಿಸ್ಕೊಂಡು ಸುಮ್ಮನಿರ್ತಾರಾ ಕೇಳು."

ಎಡಗಾಲಿನ ಹಳೆಯ ಅಳತೆಯನ್ನೇ ಮತ್ತೆ ಬರೆದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೆನ್ನು ಹಿಡಿದು ತುಸು ಹೊತ್ತು ಕೂತಳು. ಕೊನೆಗೆ, 'ಎಡಗಾಲನ್ನು ಅತ್ತೆಯೇ ಒತ್ತಿಕೊಂಡಿದ್ದಾರೆ. ಪ್ರಯೋಗ ಮತ್ತೆ ಮಾಡಬೇಕು' ಎಂದು ಬರೆದು ಪುಸ್ತಕ ಮುಚ್ಚಿದಳು.

ಆಮೇಲೆ ಮಂಚದ ಆಚೆ ಬದಿಗೆ ಹೋಗಿ ಮೊದಲ ಬಾರಿ ಎಡಗಾಲನ್ನು ಕೈಗೆತ್ತಿಕೊಂಡಳು. ಮೀನಖಂಡದ ಆಳದಲ್ಲಿ, ಅತ್ತೆಯ ಬೆರಳಿಗೆ ಒತ್ತಲು ಬಲ ಸಾಲದ ಜಾಗದಲ್ಲಿ, ಗೋಲಿಯಷ್ಟು ಗಟ್ಟಿಯಾದ ಒಂದು ಗಂಟು ಸಿಕ್ಕಿತು. ಬಲಗಾಲಿನಲ್ಲಿ ಅಂಥದ್ದಿರಲಿಲ್ಲ. ಬೆರಳಿನ ಕೆಳಗೆ ಅದು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಾ ಬಂತು. ಅತ್ತೆ ಏನೋ ಹೇಳಲು ಬಾಯಿ ತೆರೆದವರು, ಮಾತಿನ ನಡುವೆಯೇ ನಿದ್ದೆಹೋದರು.