ತಿಂಗಳಿಗೊಂದು ಸ್ಟೇಷನ್

ಮಲಾಡಿನ ಕನ್ನಡ ಶಾಲೆಯಲ್ಲಿ ನರಮಂಡಲದ ಪಾಠ ಮಾಡುವಾಗಲೆಲ್ಲ ಶೀಲಾವತಿಯ ಸೀಮೆಸುಣ್ಣ ಒಂದೇ ಜಾಗದಲ್ಲಿ ತಡೆಯುತ್ತಿತ್ತು. ಮೊದಲು ತಲೆ, ಅದರೊಳಗೆ ಅಕ್ರೋಟಿನ ತಿರುಳಿನಂಥ ಮಿದುಳು. ಅದರ ಬುಡದಿಂದ ಬೆನ್ನಿನ ಎಲುಬುಗಳ ಒಳಗೆ ಇಳಿಯುವ ಮಿದುಳುಬಳ್ಳಿ. ಕುತ್ತಿಗೆಯ ಹತ್ತಿರ ಅದರಿಂದ ಕವಲೊಡೆದು ಭುಜ ದಾಟಿ, ಮೊಳಕೈ ದಾಟಿ ಬರುವ ಒಂದು ಬಿಳಿ ಗೆರೆ. ಮಣಿಕಟ್ಟಿಗೆ ಬಂದೊಡನೆ ಕೈ ತಾನಾಗಿ ನಿಲ್ಲುತ್ತಿತ್ತು. 'ದಾದರ್' ಎಂದು ಮನಸ್ಸು ಹೇಳುತ್ತಿತ್ತು. ಅಲ್ಲಿಂದ ಬೆರಳುಗಳ ಕಡೆಗೆ ಗೆರೆ ಎಳೆಯುವಾಗ, ಸುಣ್ಣದ ಪುಡಿಯ ವಾಸನೆಯ ನಡುವೆ ಎಲ್ಲಿಂದಲೋ ಜೋಳದ ರೊಟ್ಟಿ ಸುಡುವ ವಾಸನೆ ಬರುತ್ತಿತ್ತು.

ಅದು ವಿಕ್ರೋಳಿಯ ಚಾಳಿನ ವಾಸನೆ. ಎಪ್ಪತ್ತೊಂದನೆಯ ಇಸವಿಯಲ್ಲಿ ಶೀಲಾವತಿ ಮಾಟುಂಗಾದ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಳು. ಅವಳ ಅಪ್ಪ ಕಾಂತಪ್ಪ ಉಡುಪಿ ಕಡೆಯವರು, ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡಿಗೆಗಿದ್ದರು. ಪಕ್ಕದ ಖೋಲಿಯಲ್ಲಿ ವಿಜಾಪುರ ಕಡೆಯ ನಿಂಗಣ್ಣ ಮತ್ತು ಅವನ ಹೆಂಡತಿ ಗುರುಬಾಯಿ. ನಿಂಗಣ್ಣ ಅದೇ ಕಾರ್ಖಾನೆಯಲ್ಲಿ ಲಾರಿಗಳಿಗೆ ಮಾಲು ತುಂಬುತ್ತಿದ್ದ. ಗುರುಬಾಯಿ ಆ ಒಂದು ಖೋಲಿಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ಊರಿನ ಕಡೆಯ ಕೂಲಿಗಳು, ಮೇಸ್ತ್ರಿಗಳು ಪಾಳಿ ಮುಗಿಸಿ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತು ಉಣ್ಣುತ್ತಿದ್ದರು. ಅವರಲ್ಲಿ ಕಾಶಪ್ಪ ಎಂಬ, ಗಾರೆ ಕೆಲಸದ ಗೌಂಡಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಏಳುವವನು. ಉಣ್ಣುವುದಕ್ಕಿಂತ ಮಾತಾಡುವುದೇ ಹೆಚ್ಚು.

ಎರಡು ಖೋಲಿಗಳ ನಡುವೆ ಇದ್ದದ್ದು ಬರಿಯ ಹಲಗೆಯ ಗೋಡೆ. ಸಂಜೆಯಾದರೆ ಆ ಕಡೆ ಗುರುಬಾಯಿ ಅಗಲ ತಟ್ಟೆಯಂಥ ಪರಾತದಲ್ಲಿ ರೊಟ್ಟಿ ಬಡಿಯುವ ಸದ್ದು: ತಪ್ ತಪ್ ತಪ್, ನಡುವೆ ಹಿಟ್ಟನ್ನು ಬೆರಳ ತುದಿಯಿಂದ ತಿರುಗಿಸುವ ಸಣ್ಣ ಬಿಡುವು, ಮತ್ತೆ ತಪ್ ತಪ್. ಈ ಕಡೆ ಶೀಲಾವತಿ ಅದರ ತಾಳಕ್ಕೆ ತಲೆಯಾಡಿಸುತ್ತ ಪ್ರಾಣಿಶಾಸ್ತ್ರ ಬಾಯಿಪಾಠ ಮಾಡುತ್ತಿದ್ದಳು. ಸದ್ದು ನಿಂತರೆ ಅವಳ ಓದೂ ನಿಲ್ಲುತ್ತಿತ್ತು.

"ಯಾಕ ಶೀಲವ್ವಾ, ಓದೂದು ಬಂದ್ ಆತಲ್ಲ?" ಗೋಡೆಯಾಚೆಯಿಂದ ಗುರುಬಾಯಿ ಕೂಗುತ್ತಿದ್ದಳು.

"ನಿಮ್ಮ ರೊಟ್ಟಿ ನಿಂತಿತಲ್ಲ ಅಕ್ಕಾ, ಮತ್ತೆ ನನ್ನದೆಂಥದು ಉಂಟು?"

"ಉಂಟಂತ ಉಂಟು! ಉಂಡೇನು ಅಂತ ಕೇಳಿದಂಗಾತು ನೋಡು ನಿಮ್ಮ ಭಾಷಾ!"

ಆ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೆಚ್ಚಾಗಿತ್ತು. ಒಂದು ಮಧ್ಯಾಹ್ನ ಗುರುಬಾಯಿ ಕಂದೀಲಿನ ಗಾಜಿನೊಳಗೆ ಬಟ್ಟೆ ಸುತ್ತಿದ ಬಲಗೈ ತೂರಿಸಿ ಮಸಿ ಒರೆಸುತ್ತಿದ್ದಾಗ ಗಾಜು ಒಡೆದು ಮಣಿಕಟ್ಟಿಗೆ ಅಡ್ಡವಾಗಿ ಕೊಯ್ದಿತು. ನಿಂಗಣ್ಣ ಅವಳನ್ನು ಸ್ಟೇಷನ್ ಹತ್ತಿರದ ದವಾಖಾನೆಗೆ ಕರೆದೊಯ್ದ. ನರ ಕಡಿದಿದೆ ಎನ್ನಲು ಅವನಿಗೆ ಗೊತ್ತಿದ್ದದ್ದು ಒಂದೇ ಮಾತು, ಅದನ್ನೇ ತನ್ನ ಹಿಂದಿಯಲ್ಲಿ ಹೇಳಿದ: "ನಸ್ ಕಟ್ ಗಯಾ, ಸಾಬ್." ಅಲ್ಲಿದ್ದವರು ರಕ್ತ ನಿಲ್ಲಿಸಿದರು. ಬೆರಳು ಮಡಿಸಲು ಹೇಳಿದರು, ಅವಳು ಮಡಿಸಿದಳು. ಹೊಲಿಗೆ ಹಾಕಿ, "ರಕ್ತ ನಿಂತಿದೆ, ನಸ್ ಸರಿಹೋಯಿತು" ಎಂದು ಕಳಿಸಿದರು.

ಗಾಯ ಮಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ಮಾಯವಾದವು. ಕಣ್ಣಿಗೆ ಇದ್ದವು, ಗುರುಬಾಯಿಗೆ ಇರಲಿಲ್ಲ. "ಜೋಮು ಹಿಡದೈತಿ" ಎಂದಳು ಮೊದಲು. "ನರ ಹಿಡಕೊಂಡಾವ" ಎಂದಳು ಚಾಳಿನ ಕೊನೆಯ ಖೋಲಿಯ ಅಂಬವ್ವ, ದಿನವೂ ಬಂದು ಬಿಸಿ ಎಣ್ಣೆ ತಿಕ್ಕಿದಳು. ಮಡಿಸಿದರೆ ಬೆರಳು ಮಡಿಯುತ್ತಿದ್ದವು, ಹಿಟ್ಟಿನ ಮೇಲೆ ಇಟ್ಟರೆ ಏನೂ ತಿಳಿಯುತ್ತಿರಲಿಲ್ಲ. ರೊಟ್ಟಿಯ ಅಂಚು ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಹರಿಯಲಿದೆ ಎಂಬುದನ್ನು ಹೇಳುವುದು ಆ ಮೂರು ಬೆರಳೇ. ರೊಟ್ಟಿ ಹರಿಯತೊಡಗಿದವು. ನಿಂಗಣ್ಣ ತಾನೇ ಬಡಿಯಲು ಕೂತ.

"ಇದು ರೊಟ್ಟಿ ಅಲ್ಲೋ ಮಾರಾಯಾ, ವಿಜಾಪುರ ಜಿಲ್ಲಾದ ನಕಾಶಿ," ಎಂದ ಕಾಶಪ್ಪ. "ಇಂಡಿ ತಾಲೂಕು ಹೊರಗ ಚಾಚೇತಿ ನೋಡು."

ಎಲ್ಲರೂ ನಕ್ಕರು. ನಕ್ಕವರೇ ಒಬ್ಬೊಬ್ಬರಾಗಿ ಬೇರೆ ಕಡೆ ಊಟಕ್ಕೆ ಹೋದರು, ಕಾಶಪ್ಪನೊಬ್ಬ ಉಳಿದ. ಗುರುಬಾಯಿ ಇದ್ದಿಲ ಶೆಗಡಿಯ ಮುಂದೆ ಸುಮ್ಮನೆ ಕೂತಿರುವುದನ್ನು ಶೀಲಾವತಿ ನೋಡಿದಳು.

"ಕಣ್ಣಿಲೆ ರೊಟ್ಟಿ ಬಡಿಯಾಕ ಬರಂಗಿಲ್ಲ ತಂಗಿ. ನನಗ ಇದೊಂದ ಬರತಿತ್ತು."

ಬೆರಳಿಗೆ ಆದದ್ದೇನೆಂದು ಶೀಲಾವತಿಗೂ ಆಗ ತಿಳಿದಿರಲಿಲ್ಲ. ತಿಳಿದದ್ದು ಕಾಲೇಜಿನಲ್ಲಿ, ಕಪ್ಪೆಯನ್ನು ಕೊಯ್ದ ದಿನ. ತೊಡೆಯ ಸ್ನಾಯುಗಳನ್ನು ಬಿಡಿಸಿದಾಗ ಒಳಗೆ ಒಂದು ಬಿಳಿಯ ದಾರ ಸಿಕ್ಕಿತು. ಇದು ನರ, ಎಂದರು ಪ್ರಾಧ್ಯಾಪಕರು. ಅದಕ್ಕೆ ಬ್ಯಾಟರಿಯ ತಂತಿ ಮುಟ್ಟಿಸಿದಾಗ ಸತ್ತ ಕಪ್ಪೆಯ ಕಾಲು ಒದೆಯಿತು. ಶೀಲಾವತಿ ತನ್ನ ಕೈಯ ಹಿಂಬದಿಯ ಹಸಿರು ಗೆರೆಗಳನ್ನು ನೋಡಿಕೊಂಡಳು. ಹುಟ್ಟಿದಾಗಿನಿಂದ ಅದನ್ನೇ ನರ ಎಂದುಕೊಂಡಿದ್ದಳು. ಅದು ರಕ್ತನಾಳ. ನರ ಬಿಳಿ, ಅದರೊಳಗೆ ರಕ್ತ ಹರಿಯುವುದಿಲ್ಲ. ಮಾಟುಂಗಾ ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗ ಅವಳಿಗೆ ಇದ್ದಕ್ಕಿದ್ದಂತೆ ನಿಂಗಣ್ಣನ 'ನಸ್' ನೆನಪಾಯಿತು. ದವಾಖಾನೆಯವರು ಕೇಳಿಸಿಕೊಂಡದ್ದು ಹಸಿರು ಗೆರೆಯನ್ನು. ಗಾಜು ಕಡಿದದ್ದು ಬಿಳಿ ದಾರವನ್ನೂ.

ಮನೆಗೆ ಬಂದವಳು ಪುಸ್ತಕ ಇಟ್ಟು ನೇರ ಪಕ್ಕದ ಖೋಲಿಗೆ ಹೋದಳು.

"ಅಕ್ಕಾ, ನಿಮ್ಮ ನರ ಕಡಿದು ಹೋಗಿದೆ."

ನಿಂಗಣ್ಣ ತಲೆಯೆತ್ತಿದ. "ಅದನ್ನ ನಾ ಅವತ್ತ ಹೇಳೀನಲ್ಲ ತಂಗಿ. ನರ ಕಡದೈತಿ ಅಂದೆ, ಹೊಲಿದು ಕಳಿಸಿದ್ರು."

"ಆ ನರ ಅಲ್ಲ ಅಣ್ಣಾ. ನರ!"

"ಅದs ನರ."

"ಅದು ರಕ್ತದ್ದು. ಇದು ನಿಜವಾದ ನರ."

ಕಾಶಪ್ಪ ತಟ್ಟೆ ಕೆಳಗಿಟ್ಟ. "ಹಂಗಾರ ನಮ್ಮ ಮೈಯಾಗ ಖೊಟ್ಟಿ ನರಾನೂ ಅದಾವೇನು?"

ಶೀಲಾವತಿ ಮಾತು ಬಿಟ್ಟು ಬ್ಲೌಸಿನ ಸೇಫ್ಟಿಪಿನ್ ತೆಗೆದಳು. ಗುರುಬಾಯಿಗೆ ಕಣ್ಣು ಮುಚ್ಚಲು ಹೇಳಿ ಕಿರುಬೆರಳಿಗೆ ಮೆಲ್ಲಗೆ ಚುಚ್ಚಿದಳು. "ಹಾ!" ಎಂದಳು ಗುರುಬಾಯಿ. ತೋರುಬೆರಳಿಗೆ ಚುಚ್ಚಿದಳು. ಮತ್ತೆ ಚುಚ್ಚಿದಳು. ಸಾಸಿವೆಯಷ್ಟು ರಕ್ತ ಮೂಡಿತು.

"ಚುಚ್ಚವಾ ತಾಯಿ, ಯಾಕ ಅಂಜತಿ?" ಎಂದಳು ಗುರುಬಾಯಿ, ಕಣ್ಣು ಮುಚ್ಚಿಯೇ.

ಕಾಶಪ್ಪ ನಗಲಿಲ್ಲ. ನಿಂಗಣ್ಣ ಮಾತ್ರ, "ಬೆರಳು ಅಳ್ಳಾಡ್ತಾವಲ್ಲ ಮತ್ತ? ನರ ಕಡದಿದ್ರ ಹೆಂಗ ಮಡಚತಾವು?" ಎಂದು ಕೇಳಿದ. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವಾಗ ಶೀಲಾವತಿಗೆ ಪುಸ್ತಕದ ಕನ್ನಡವೂ ಇಂಗ್ಲಿಷೂ ಉಪಯೋಗಕ್ಕೆ ಬರಲಿಲ್ಲ. ವಿ.ಟಿ. ಎಂಬ ಕೊನೆಯ ದೊಡ್ಡ ನಿಲ್ದಾಣದಿಂದ ವಿಕ್ರೋಳಿಗೆ ಅವರೆಲ್ಲ ದಿನವೂ ಓಡಾಡುವ ಲೋಕಲ್ ಗಾಡಿ ಬಂತು.

"ತಲೆ ಅಂದರೆ ವಿ.ಟಿ. ಅಂತ ತಿಳಿಯಿರಿ. ಕುತ್ತಿಗೆ ಹಿಂದೆ ಭಾಯಖಳಾ. ಮಣಿಕಟ್ಟು ದಾದರ್. ಬೆರಳ ತುದಿ ನಮ್ಮ ವಿಕ್ರೋಳಿ. ಒಂದೊಂದು ನರದಲ್ಲೂ ಎರಡು ಹಳಿ. ಬಿಸಿ, ತಣ್ಣಗೆ, ನೋವು ಎಲ್ಲ ಅಪ್ ಗಾಡಿಯಲ್ಲಿ ವಿ.ಟಿ.ಗೆ ಹೋಗುತ್ತದೆ. ಮಡಿಸು, ಎತ್ತು ಅಂತ ಹುಕುಂ ಡೌನ್ ಗಾಡಿಯಲ್ಲಿ ಬರುತ್ತದೆ. ಆದರೆ ಬೆರಳು ಮಡಿಸುವ ಸ್ನಾಯು ಇರುವುದು ಇಲ್ಲಿ, ಮೊಳಕೈ ಕೆಳಗೆ. ಹುಕುಂ ದಾದರ್ ಮುಟ್ಟುವ ಮೊದಲೇ ಅಲ್ಲಿ ಇಳಿಯುತ್ತದೆ. ಅಲ್ಲಿಂದ ಬೆರಳಿಗೆ ಬರುವುದು ಬರೀ ಹಗ್ಗ. ಹಗ್ಗ ಗಟ್ಟಿ ಉಂಟು. ಹಳಿ ದಾದರಲ್ಲಿ ಕಿತ್ತಿದೆ. ವಿಕ್ರೋಳಿಯ ಸುದ್ದಿ ವಿ.ಟಿ.ಗೆ ಹೋಗುತ್ತಿಲ್ಲ."

ಗುರುಬಾಯಿ ಮಣಿಕಟ್ಟಿನ ಹೊಲಿಗೆಯ ಗುರುತನ್ನು ಮುಟ್ಟಿ ನೋಡಿಕೊಂಡಳು.

"ಹಳಿ ಜೋಡಸಾಕ ಬರತೈತೇನು?" ಎಂದು ಗುರುಬಾಯಿ ಕೇಳಿದಳು.

ಪರೇಲಿನ ದೊಡ್ಡ ಆಸ್ಪತ್ರೆಯ ಸರ್ಜನ್, ಜೋಡಿಸಲು ಬರುತ್ತದೆ ಎಂದರು. ಶೀಲಾವತಿ ಜೊತೆಗೆ ಹೋಗಿದ್ದಳು. ಈ ಸಲ 'ನಸ್' ಎನ್ನದೆ, "ಬೆರಳಿಗೆ ಸ್ಪರ್ಶ ಇಲ್ಲ" ಎಂದು ಮೂರು ಭಾಷೆಯಲ್ಲಿ ಹೇಳಿದಳು. ಸರ್ಜನ್ ಮಣಿಕಟ್ಟನ್ನು ಮತ್ತೆ ತೆರೆದು, ತುಂಡಾದ ನರದ ತುದಿಗಳನ್ನು ಕೂದಲಿಗಿಂತ ಸಣ್ಣ ದಾರದಿಂದ ಜೋಡಿಸಿದರು. ಹೊಲಿದ ಕೂಡಲೇ ಸ್ಪರ್ಶ ಬರುವುದಿಲ್ಲ, ಹೊಲಿಗೆಯ ಆಚೆಯ ಎಳೆಗಳು ಸತ್ತಿವೆ, ಅವುಗಳ ಖಾಲಿ ಕೊಳವೆಯಲ್ಲಿ ಹೊಸ ಎಳೆ ಮಣಿಕಟ್ಟಿನಿಂದ ಬೆಳೆದು ಬರಬೇಕು ಎಂದರು. ತಿಂಗಳಿಗೆ ಹೆಚ್ಚೆಂದರೆ ಒಂದಂಗುಲ. ಬಂದರೂ ಬರಬಹುದು, ಬಾರದೆಯೂ ಇರಬಹುದು. ಎಲ್ಲಿಯವರೆಗೆ ಬಂತು ಎಂದು ನೋಡುವ ಬಗೆಯನ್ನು ಶೀಲಾವತಿಗೆ ತೋರಿಸಿಕೊಟ್ಟರು. ಅಂಗೈಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಎಳೆಯ ತುದಿ ಇರುವಲ್ಲಿ ತಟ್ಟಿದಾಗ ಸತ್ತ ಬೆರಳಿನಲ್ಲಿ ಜುಮ್ಮೆನ್ನುತ್ತದೆ.

ದಾದರಿನಿಂದ ವಿಕ್ರೋಳಿಗೆ ಮಾಟುಂಗಾ, ಸಾಯನ್, ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್. ಲೆಕ್ಕ ಹಾಕಿದವನು ಕಾಶಪ್ಪ. "ತಿಂಗಳಿಗೊಂದು ಸ್ಟೇಷನ್. ಇದಕ್ಕಿಂತ ನಮ್ಮೂರ ಎತ್ತಿನ ಗಾಡಿ ಪಾಡ."

ಭಾನುವಾರ ಬೆಳಿಗ್ಗೆ ತಟ್ಟುವುದು ಚಾಳಿನ ಪದ್ಧತಿಯೇ ಆಗಿಬಿಟ್ಟಿತು. ನಳದ ಹತ್ತಿರ ನೀರಿಗೆ ನಿಂತವರೂ ಕೇಳುತ್ತಿದ್ದರು: "ಗುರುಬಾಯಿ, ಎಲ್ಲಿ ಬಂತು ಗಾಡಿ?" ಶೀಲಾವತಿ ಅವಳ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟಿನಿಂದ ಶುರುಮಾಡುತ್ತಿದ್ದಳು. ದಸರಾ ಹೊತ್ತಿಗೆ, "ಜುಂ ಅಂತು, ಇಲ್ಲೇ ಇಲ್ಲೇ!" ಎಂದು ಗುರುಬಾಯಿ ಕೂಗಿದಾಗ ಅದು ಮಾಟುಂಗಾ. "ನಿನ್ನ ಕಾಲೇಜು ಬಂತಲ್ಲ ಶೀಲವ್ವಾ, ಇಳೀತಿ ಏನು?" ಎಂದಳು. ದೀಪಾವಳಿ ಕಳೆದ ಮೇಲೆ ಸಾಯನ್ ಮುಟ್ಟಿ ಅಲ್ಲಿಯೇ ನಿಂತಿತು. ಡಿಸೆಂಬರಿನಲ್ಲಿ ಯುದ್ಧ ಬಂತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದರು, ಸಂಜೆಯ ಲೋಕಲ್‌ಗಳು ದೀಪ ಮರೆಸಿಕೊಂಡು ಓಡಿದವು. ಎರಡು ಭಾನುವಾರ ತಟ್ಟಿದರೂ ಜುಮ್ಮೆನ್ನುವುದು ಮುಂದಕ್ಕೆ ಸರಿಯಲಿಲ್ಲ.

"ಬ್ಲ್ಯಾಕೌಟ್ ಅಲ್ಲೇನು ವೈನಿ, ಗಾಡಿ ಹೆಂಗ ಬಿಡ್ತಾರ?" ಎಂದ ಕಾಶಪ್ಪ.

ಗುರುಬಾಯಿ ಕೈ ಎಳೆದುಕೊಂಡಳು. "ಸಾಕ ಬಿಡು ಶೀಲವ್ವಾ. ಊರಿಗೆ ಹೋಗೂಣು ಅನ್ನಾಕತ್ತಾರ ಇವರು. ಅಲ್ಲಿ ರೊಟ್ಟಿ ಬಡಿಯಾಕ ನಮ್ಮ ನೆಗೇಣಿ ಅದಾಳ. ನಾ ಸುಮ್ನ ಕೂತು ಉಣ್ಣೂದು."

ಬೇರೆಯವರು ಬಡಿದ ರೊಟ್ಟಿ ಉಣ್ಣುವ ಮಾತನ್ನು ಅವಳು ಹೇಳಿದ ರೀತಿ ಕೇಳಿ ಶೀಲಾವತಿ ಆ ಕೈಯನ್ನು ಮತ್ತೆ ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಪುಸ್ತಕದಲ್ಲಿ ಬರೆದದ್ದು ಒಂದಂಗುಲ. ಯಾರ ಕೈಯಲ್ಲಿ ಎಂದು ಬರೆದಿರಲಿಲ್ಲ. "ಹೋಳಿವರೆಗೆ ಇರಿ ಅಕ್ಕಾ," ಎಂದಷ್ಟೇ ಅಂದಳು.

ಸಂಕ್ರಾಂತಿಯ ವಾರ ಗಾಡಿ ಕುರ್ಲಾ ಬಿಟ್ಟಿತು. ಆಮೇಲೆ ನಿಲ್ಲಲಿಲ್ಲ.

ಹೋಳಿ ಕಳೆದು ಒಂದೂವರೆ ತಿಂಗಳಾಗಿತ್ತು, ಗುರುಬಾಯಿ ಊರಿಗೆ ಹೋಗಿರಲಿಲ್ಲ. ಒಂದು ಸಂಜೆ ಶೀಲಾವತಿ ಪರೀಕ್ಷೆಗೆ ಓದುತ್ತಿದ್ದಾಗ ಗೋಡೆಯಾಚೆಯಿಂದ "ಹಾಯ್ ಯವ್ವಾ!" ಎಂಬ ಚೀರು ಕೇಳಿತು. ಅವಳು ಓಡಿದಳು. ನಿಂಗಣ್ಣ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ನಿಂತಿದ್ದ. ಗುರುಬಾಯಿ ಬಲಗೈಯನ್ನು ಎದೆಗೆ ಅವಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವಂತಿರಲಿಲ್ಲ.

"ಸುಟ್ಟಿತು ಶೀಲವ್ವಾ! ಹಂಚು ಸುಟ್ಟಿತು!"

"ಯಾವ ಬೆರಳು ಅಕ್ಕಾ?"

"ಇದು." ನಡುಬೆರಳು ಎತ್ತಿದಳು.

ಶೀಲಾವತಿ ಕೈಯನ್ನು ಬೆಳಕಿಗೆ ಹಿಡಿದಳು. ನಡುಬೆರಳಿನಲ್ಲಿ ಏನೂ ಇರಲಿಲ್ಲ. ಕೆಂಪಗಾಗಿದ್ದದ್ದು ತೋರುಬೆರಳಿನ ತುದಿ. ಬೆಳೆದು ಬಂದ ಎಳೆಗಳಲ್ಲಿ ಕೆಲವು ಹೊಲಿಗೆ ದಾಟುವಾಗ ಪಕ್ಕದ ಕೊಳವೆಗೆ ಹೊಕ್ಕಿದ್ದವು. ಮಿದುಳಿಗೆ ಅದು ಗೊತ್ತಿಲ್ಲ. ಹಳೆಯ ವಿಳಾಸದ ಮೇಲೆಯೇ ಸುದ್ದಿ ಓದಿಕೊಳ್ಳುತ್ತಿತ್ತು. ಅವಳು ಇದನ್ನು ಹೇಳಿದಾಗ ಗುರುಬಾಯಿಯ ಮುಖ ಸಣ್ಣದಾಯಿತು.

"ಹೋಗ್ಲಿ ಬಿಡ್ರಿ ವೈನಿ," ಎಂದ ಬಾಗಿಲಲ್ಲಿ ನಿಂತಿದ್ದ ಕಾಶಪ್ಪ. "ಗಾಡಿ ಬಂತಲ್ಲ. ಪ್ಲಾಟ್‌ಫಾರ್ಮ್ ಬ್ಯಾರೆ, ಅಷ್ಟs."

"ಆದ್ರ ಒಂದು ಮಾತು," ಎಂದಳು ಗುರುಬಾಯಿ. "ಕೈ ನಾ ತಗೀಲಿಲ್ಲ ತಂಗಿ. ಸುಟ್ಟಿದ್ದು ತಿಳಿಯೂಕಿಂತ ಮೊದಲs ಅದ ಬಂದಬಿಟ್ಟಿತ್ತು."

"ಬೆಂಕಿಯ ಸುದ್ದಿ ವಿ.ಟಿ.ವರೆಗೆ ಹೋಗಿ ಬರುವಷ್ಟು ಪುರುಸೊತ್ತು ಇಲ್ಲ ಅಕ್ಕಾ. ಭಾಯಖಳಾದಲ್ಲೇ ಹುಕುಂ ಆಗುತ್ತದೆ, 'ಕೈ ತೆಗೆ' ಅಂತ. ವಿ.ಟಿ.ಗೆ ಗೊತ್ತಾಗುವುದು ಆಮೇಲೆ."

ಗುರುಬಾಯಿ ಗಂಡನ ಕಡೆ ನೋಡಿದಳು. "ಹಂಗಾರ ಈ ಮನ್ಯಾಗ ವಿ.ಟಿ. ಅಂದ್ರ ಇವರು, ಭಾಯಖಳಾ ನಾನು. ಏಳ್ರಿ ಅತ್ತಾಗ."

ನಿಂಗಣ್ಣ ಎದ್ದ. ಅವಳು ಪರಾತದ ಮುಂದೆ ಕೂತು, ನಕಾಶಿಯಂತಿದ್ದ ಅವನ ರೊಟ್ಟಿಯನ್ನು ಮುದ್ದೆ ಮಾಡಿ, ಮೊದಲಿನಿಂದ ತಟ್ಟತೊಡಗಿದಳು. ಅಂಚಿಗೆ ಬಂದಾಗ ನಿಂತು ಕಣ್ಣು ಮುಚ್ಚಿದಳು. ಯಾವ ಬೆರಳು ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವವಳಂತೆ. ನಡುಬೆರಳು ಹೇಳಿದ್ದನ್ನು ತೋರುಬೆರಳಿನದೆಂದು ತಿಳಿದು ಹಿಟ್ಟನ್ನು ತಿರುಗಿಸಿದಳು. ಒಂದು ಕಡೆ ಬಿರಿಯಿತು. ಒದ್ದೆ ಬೆರಳಿನಿಂದ ಒತ್ತಿ ಮುಚ್ಚಿದಳು.

"ನೀ ಯಾಕ ನಿಂತಿ?" ಎಂದಳು, ತಲೆಯೆತ್ತದೆ. "ಹೋಗಿ ಓದು. ನಾ ಬಡೀತೀನಿ."

ಶೀಲಾವತಿ ತನ್ನ ಖೋಲಿಗೆ ಬಂದು ಪುಸ್ತಕ ತೆರೆದಳು. ಗೋಡೆಯಾಚೆ ಸದ್ದು ಶುರುವಾಯಿತು. ತಪ್ ತಪ್ ತಪ್, ಆಮೇಲೆ ಒಂದು ಬಿಡುವು, ಮೊದಲಿನದಕ್ಕಿಂತ ಕೊಂಚ ಉದ್ದ. ಪ್ರತಿ ಸಲವೂ ಆ ಬಿಡುವಿನಲ್ಲಿ ಅವಳ ಓದು ತಡೆದು ನಿಂತು, ಸದ್ದು ಮರಳಿ ಬರುವುದನ್ನು ಕಾದು, ಮುಂದಿನ ಸಾಲಿಗೆ ಹೋಗುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಮಲಾಡಿನ ಕರಿಹಲಗೆಯಲ್ಲಿ ಮಣಿಕಟ್ಟಿನ ಹತ್ತಿರ ಸೀಮೆಸುಣ್ಣ ಕಾಯುತ್ತಿದ್ದದ್ದೂ ಅಷ್ಟೇ ಹೊತ್ತು.