ಮಂಚದ ಕೆಳಗಿನ ಪೆಟ್ರೋಲು

ಸಮಸ್ತ ಬಂಧುಮಿತ್ರರಿಗೂ, ಇಲಿ ಹಲ್ಲಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಇಸ್ತ್ರಿಯವನ ಮನೆಯಲ್ಲಿ ಯಾರೂ ಬೆಂಕಿಕಡ್ಡಿ ಗೀರತಕ್ಕದ್ದಲ್ಲ.

ಘೋಷಣೆ ಹೊರಡಿಸಿದವಳು ಅವನ ಹೆಂಡತಿ. ಕಾರಣ ಮಂಚದ ಕೆಳಗಿತ್ತು: ನೀರು ತುಂಬುವ ಎರಡು ಪ್ಲಾಸ್ಟಿಕ್ ಕ್ಯಾನು, ಒಳಗೆ ಪೆಟ್ರೋಲು.

ಊರಾಚೆಯ ಲಾಡ್ಜಿನ ಬೆಡ್‌ಶೀಟುಗಳೇ ಅವನ ಅನ್ನ. ಒಂದು ದಿನ ತಡವಾದರೂ ಕೆಲಸ ಮಷಿನ್ ಲಾಂಡ್ರಿಗೆ ಎಂದು ಮ್ಯಾನೇಜರು ಮೊದಲೇ ಹೇಳಿದ್ದ. ನಾಳೆ ಬಂಕ್‌ಗಳೆಲ್ಲ ಬಂದ್ ಎಂಬ ಸುದ್ದಿ ಬಂದದ್ದೇ ತಡ, ಇವನು ಸ್ಕೂಟರಿನ ಟ್ಯಾಂಕನ್ನು ಕುತ್ತಿಗೆವರೆಗೆ ತುಂಬಿಸಿ, ಕ್ಯಾನುಗಳನ್ನೂ ತುಂಬಿಸಿಕೊಂಡು ಬಂದಿದ್ದ.

"ನಾಳೆ ಊರೋರೆಲ್ಲ ಗಾಡಿ ತಳ್ಕೊಂಡು ಹೋಗೋವಾಗ ನಾನು ಬುರ್ರ್ ಅಂತ ಹೋಗ್ತೀನಿ, ನೋಡ್ತಿರು."

"ಹೋಗ್ತೀರ, ಹೋಗ್ತೀರ. ಮನೆ ಸಮೇತ ಮೇಲಕ್ಕೆ."

ಅವನು ಜಗಲಿಯಲ್ಲಿ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ ಕಡ್ಡಿ ತೆಗೆದ. ಅವಳು ಚೊಂಬಿನ ನೀರನ್ನು ಇದ್ದಿಲಿನ ಮೇಲೆ ಸುರಿದಳು.

"ಏನೇ ಇದು! ಅದು ಒಳಗಿದೆ, ಇದು ಹೊರಗಿದೆ. ಮಧ್ಯೆ ಗೋಡೆ ಇಲ್ವಾ?"

"ಗೋಡೆಗೆ ಬಾಗಿಲಿದೆ, ಬಾಗಿಲಿಗೆ ಸಂದಿ ಇದೆ. ನೆಲದ ಮೇಲೆ ಕೂತು ಶೀಟು ವಿಂಗಡಿಸೋಳು ನಾನು. ಆ ಹಾಳು ವಾಸನೆ ಮೇಲಕ್ಕೆ ಏಳಲ್ಲ ಕಣ್ರೀ, ನೆಲ ಹಿಡ್ಕೊಂಡು ಹೊಸ್ತಿಲ ತನಕ ಬರ್ತಿದೆ."

ಅವನು ಬಗ್ಗಿ ಮೂಸಿದ. ಬಂದಿತ್ತು. ಅಲ್ಲಿಂದ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನದ ಸೆಕೆಗೆ ಕ್ಯಾನುಗಳು ಮುನಿಸಿಕೊಂಡ ನಾದಿನಿಯ ಕೆನ್ನೆಯಂತೆ ಉಬ್ಬಿದವು. ಒಂದು 'ಟಪ್' ಎಂದಿತು. ಅವನು ಹಾರಿ ಬೀದಿಗೆ ಬಿದ್ದ. ಫ್ಯಾನಿನ ಸ್ವಿಚ್ಚು ಮುಟ್ಟಲು ಭಯ, ಮುಟ್ಟದಿದ್ದರೆ ಬೆವರು. ಮೂಲೆಯಲ್ಲಿ ಶೀಟಿನ ಗುಡ್ಡ ಮಾತ್ರ ಸುಕ್ಕುಗಟ್ಟಿಕೊಂಡು ನಿಶ್ಚಿಂತೆಯಾಗಿ ಕೂತಿತ್ತು.

"ಸರಿ, ಸ್ಕೂಟರಿಗೇ ಸುರಿದುಬಿಡ್ತೀನಿ."

"ಎಲ್ಲಿಗೆ ಸುರೀತೀರ? ಟ್ಯಾಂಕು ನಿಮ್ಮ ತಲೆ ಥರ ಖಾಲಿ ಇಲ್ಲ."

ಕೊನೆಗೆ ಪಕ್ಕದ ಮನೆ ದರ್ಜಿಗೆ ದಾನ ಮಾಡಲು ಹೋದ. ದರ್ಜಿ ಅವನನ್ನು ಒಳಗೆಳೆದು ಪಿಸುಗುಟ್ಟಿದ: "ನಮ್ಮನೇಲೂ ಮೂರು ಕ್ಯಾನ್ ಇದೆ ಮಾರಾಯ. ಎದುರುಮನೆ ಮೇಷ್ಟ್ರು ಸ್ನಾನದ ಮನೇಲಿ ಇಟ್ಟಿದ್ದಾರೆ. ಹಂಗೇ ಒಂದು ಮಾತು, ನೀನು ಎರಡು ದಿನ ಇಸ್ತ್ರಿ ಹಚ್ಚಬೇಡಪ್ಪಾ, ಕೈ ಮುಗೀತೀನಿ. ಒಂದು ಕಿಡಿ ಹಾರಿದ್ರೆ ಬೀದಿಗೆ ಬೀದೀನೇ ಹೋಗತ್ತೆ."

ಕೆಂಡ ನಂಬಿ ಬದುಕಿದವನು ಕೆಂಡಕ್ಕೇ ಹೆದರಿ, ಅದೇ ಕ್ಯಾನುಗಳನ್ನು ಹೊತ್ತುಕೊಂಡು ವಾಪಸ್ಸು ಬಂದ. ಹಿತ್ತಲಲ್ಲಿ, ಮನೆಯಿಂದ ಆದಷ್ಟು ದೂರ, ಮಾವಿನ ನೆರಳಿನಲ್ಲಿಟ್ಟ. ಅವಕ್ಕೆ ಕಾವಲಾಗಿ ತಾನೂ ನಿಂತ.

ಮರುದಿನ ಬೀದಿಯಲ್ಲಿ ಒಂದು ಗಾಡಿಯ ಸದ್ದೂ ಇಲ್ಲ. ಲಾಡ್ಜಿನ ಮ್ಯಾನೇಜರು ಫೋನು ಮಾಡಿದ.

"ಏನಪ್ಪಾ, ಶೀಟು ಬಂದಿಲ್ಲ? ಪೆಟ್ರೋಲ್ ಸಿಗಲಿಲ್ವಾ?"

ಇಸ್ತ್ರಿಯವನ ಎದೆಯುಬ್ಬಿತು. ಒಂದು ವಿಷಯದಲ್ಲಾದರೂ ತಾನು ಗೆದ್ದಿದ್ದ.

"ಅಯ್ಯೋ, ಪೆಟ್ರೋಲಿಗೇನು ಸಾರ್, ಬೇಕಾದಷ್ಟಿದೆ! ಇಸ್ತ್ರಿ ಮಾಡೋಕೆ ಮಾತ್ರ..."

ಹೆಂಡತಿ ಹಣೆ ಚಚ್ಚಿಕೊಂಡಳು.

"ಛೆ," ಎಂದ ಮ್ಯಾನೇಜರು. "ಪೆಟ್ರೋಲ್ ಇಲ್ದೆ ತಡವಾದೋರಿಗೆ ಇವತ್ತೊಂದು ದಿನ ಮಾಫಿ ಅಂತ ಮಾಲೀಕ್ರು ಹೇಳಿದ್ರು. ನಿನ್ನ ಹತ್ರ ಇದೆಯಲ್ಲಪ್ಪಾ."