ಹಿಂದಿನ ಗೋಡೆಯ ಬಿರುಕು

ಟೈಲರಮ್ಮ ಯಾರನ್ನೂ ಅಷ್ಟು ಸುಲಭಕ್ಕೆ ನಂಬುವವಳಲ್ಲ. ಅಂಗಡಿಯಲ್ಲಿ ಹೊಸ ಬಟ್ಟೆ ಕೈಗೆ ಸಿಕ್ಕರೆ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತಾಳೆ, ಬಣ್ಣಗಿಣ್ಣ ಎಲ್ಲ ಆಮೇಲೆ. ಮನುಷ್ಯರನ್ನು ಹಾಗೆ ತಿರುಗಿಸಿ ನೋಡಲು ಬರುವುದಿಲ್ಲವಲ್ಲ ಎಂಬುದೊಂದೇ ಅವಳ ಕೊರಗು.

ಅಂಥವಳು ಕೊಳ್ಳಲು ಹೊರಟದ್ದು ಹಿಂದಿನ ಗೋಡೆ ಬಿರುಕು ಬಿಟ್ಟ ಮನೆಯನ್ನು. ಅಗ್ಗಕ್ಕೆ ಸಿಗುತ್ತಿದ್ದುದೇ ಆ ಬಿರುಕಿನ ದೆಸೆಯಿಂದ. ನೆಲದಿಂದ ಸೂರಿನವರೆಗೆ ಓರೆಯಾಗಿ ಹತ್ತಿದ್ದ ಅದರೊಳಗೆ ಬೆರಳು ಸಲೀಸಾಗಿ ಹೋಗುತ್ತಿತ್ತು. ಗೋಡೆ ಕೆಡವಿ ಕಟ್ಟದೆ ಅಲ್ಲಿ ಸಂಸಾರ ಹೂಡುವಂತಿರಲಿಲ್ಲ. ಕೊಳ್ಳುವುದಕ್ಕೂ ರಿಪೇರಿಗೂ ಸೇರಿಸಿಯೇ ಸಾಲ ಕೊಡುತ್ತೇವೆ ಎಂದು ಬ್ಯಾಂಕಿನವರು ಒಪ್ಪಿದ್ದರು. ಆದರೆ ಅವರ ಇಂಜಿನಿಯರು ಬಂದು ಹಾಳಾದದ್ದನ್ನು ಕಣ್ಣಾರೆ ನೋಡಿ ಬರೆದುಕೊಡಬೇಕು. ಅವನು ಬರೆಯದಿದ್ದರೆ ರಿಪೇರಿಗೆ ದುಡ್ಡಿಲ್ಲ, ರಿಪೇರಿಯಿಲ್ಲದೆ ಮನೆಯೂ ಇಲ್ಲ. ಈಗಿರುವ ಬಾಡಿಗೆ ಮನೆಯನ್ನೋ ಮೂರು ತಿಂಗಳಲ್ಲಿ ಖಾಲಿ ಮಾಡಬೇಕಿತ್ತು.

ಸಾಲದ ಈ ಲೆಕ್ಕವನ್ನೆಲ್ಲ ಅವಳು ಗಂಡನಿಗಲ್ಲದೆ ಇನ್ನೊಬ್ಬರಿಗೆ ಹೇಳಲಿಲ್ಲ. ಗಂಡ ಬಸ್ಸು ಓಡಿಸುವವನು, ಮಾತು ಕಡಿಮೆ. ಮಾವ ಹಾಗಲ್ಲ. ನಲವತ್ತು ವರ್ಷ ಗಾರೆ ಕೆಲಸ ಮಾಡಿ ಈಗ ಮನೆಯಲ್ಲಿ ಕೂತ ಜೀವ. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ಯಾರೋ ನಡುವೆ ತಲೆ ಹಾಕಿ ಮನೆ ಹೊಡೆದುಕೊಂಡು ಹೋಗುತ್ತಾರೆ ಎಂದು ಅವಳ ಭಯ. ರಿಪೇರಿಯ ಅಂದಾಜು ಪಟ್ಟಿಯನ್ನೂ ಬೇರೆ ಮೇಸ್ತ್ರಿಯಿಂದ ಬರೆಸಿದಳು. ತೋರಿಸದೆ ವಿಧಿಯಿಲ್ಲವೆಂದು ಮಾವನಿಗೆ ಒಮ್ಮೆ ಮನೆ ತೋರಿಸಿ, "ಸೋಮವಾರ ಬ್ಯಾಂಕಿನವರು ನೋಡೋಕೆ ಬರ್ತಾರೆ" ಎಂದಷ್ಟೇ ಹೇಳಿದಳು. ಮಾರುವವನು ಕೊಟ್ಟಿದ್ದ ಬೀಗದ ಕೈಯನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಸೇರಿಸಿ, ಶಾಲೆಯ ಸಮವಸ್ತ್ರಗಳ ರಾಶಿ ಮುಂದಿಟ್ಟುಕೊಂಡು ವಾರವಿಡೀ ಮಿಷನ್ ತುಳಿದಳು.

ಸೋಮವಾರ ಬೆಳಿಗ್ಗೆ ಇಂಜಿನಿಯರು, ಮನೆ ಮಾರುವವನು, ಮಾವ ಎಲ್ಲರೊಂದಿಗೆ ಹಿಂದಿನ ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಬಿರುಕು ಇರಲಿಲ್ಲ. ಗೋಡೆ ಮೊಟ್ಟೆಯ ಹಾಗೆ ನುಣ್ಣಗಿತ್ತು, ಮೇಲೆ ಸುಣ್ಣ ಬೇರೆ.

ಇಂಜಿನಿಯರು ಟಾರ್ಚು ಬಿಟ್ಟು ನೋಡಿದ, ಅಂಗೈ ಆಡಿಸಿದ, ಅಂದಾಜು ಪಟ್ಟಿ ಬಿಡಿಸಿದ. "ಈ ಗೋಡೆ ಕೆಡವಿ ಕಟ್ಟಬೇಕು ಅಂತ ಬರೆಸಿದ್ದೀರಲ್ಲಮ್ಮ. ಏನಾಗಿದೆ ಇದಕ್ಕೆ?"

"ಬಿರುಕಿತ್ತು ಸಾರ್. ಹೋದ ವಾರ ನಾನೇ ನೋಡಿದ್ದೀನಿ."

"ಇಲ್ಲದ ರಿಪೇರಿ ತೋರ್ಸಿ ಜಾಸ್ತಿ ಸಾಲ ಎತ್ತೋರನ್ನ ನಾವೂ ನೋಡಿದ್ದೀವಿ ಬಿಡಿ."

ಊರನ್ನೆಲ್ಲ ಅನುಮಾನಿಸುತ್ತ ಬಂದವಳನ್ನು ಇನ್ನೊಬ್ಬರು ಹಾಗೆ ನೋಡಿದ್ದು ಇದೇ ಮೊದಲು. ಅವಳಿಗೆ ಮೈಯೆಲ್ಲ ಉರಿಯಿತು. ಆ ಸಿಟ್ಟು ಬಾಗಿಲಲ್ಲಿ ನಿಂತಿದ್ದ ಮನೆ ಮಾರುವವನ ಮೇಲೆ ತಿರುಗಿತು.

"ನಿಮ್ದೇ ಕೆಲ್ಸ ಇದು! ಇನ್ನೊಂದು ಕೀ ಇಟ್ಕೊಂಡಿದ್ದೀರಿ. ಗೋಡೆ ಮುಚ್ಚಿ ಬೆಲೆ ಏರ್ಸೋ ಹುನ್ನಾರ!"

"ಅಯ್ಯೋ ತಾಯಿ, ನಿಮ್ಮ ಜತೆ ಬೆಲೆ ಮಾತಾಡಿ ಮುಗಿದೇ ಹೋಯ್ತಲ್ಲ! ನನ್ನ ಮಕ್ಕಳಾಣೆ, ನಾನು ಒಳಗೆ ಕಾಲಿಟ್ಟಿಲ್ಲ."

"ಮತ್ತೆ ಯಾವ ಕಳ್ಳನ ಕೈ? ಮಾಡಿದವನ ಕೈ ಬಿದ್ದುಹೋಗ!"

ಮೂಲೆಯಲ್ಲಿ ಮಾವ ಕೆಮ್ಮಿದರು. "ನಂದೇಮ್ಮ ಆ ಕೈ."

ಎಲ್ಲರೂ ಅವರತ್ತ ತಿರುಗಿದರು.

"ಬ್ಯಾಂಕಿನೋರು ಬರ್ತಾರೆ ಅಂದ್ಯಲ್ಲ. ಇಂಥ ಗೋಡೆ ನೋಡಿದ್ರೆ ಸಾಲ ಕೊಡ್ತಾರಾ ಅಂದ್ಕೊಂಡೆ. ಗಾರೆಯವನ ಮನೇನೇ ಹೀಗಾ ಅಂತ ನಗಲ್ವಾ? ನೀನು ಮಿಷನ್ ಮುಂದೆ ಕೂತಾಗ ಡಬ್ಬಿಯಿಂದ ಕೀ ತಗೊಂಡು ಬಂದು, ನಾಲ್ಕು ದಿನ ಕೂತು ಮುಚ್ಚಿದೆ. ಬಿರುಕು ಕಾಣಿಸ್ಬೇಕು ಅಂತ ನನಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಒಂದೇ ಒಂದು ಮಾತು ಹೇಳಬಹುದಿತ್ತು, ಅವಳು ಹೇಳಿರಲಿಲ್ಲ.

ಇಂಜಿನಿಯರು ಮಾತ್ರ ಕರಗಲಿಲ್ಲ. "ಇದೂ ನಾಟಕ ಇರಬಹುದು. ನಾನು ಕಂಡದ್ದನ್ನ ಬರೀತೀನಿ, ಕೇಳಿದ್ದನ್ನಲ್ಲ" ಎಂದು ಪೆನ್ನು ಜೇಬಿಗೆ ಸೇರಿಸಿದ.

ಮಾವ ಮಾರುವವನ ಕಡೆ ನೋಡಿದರು. "ಗೋಡೆಗೆ ಒಂದೇಟು ಹಾಕ್ಲಾ?"

"ಹಾಕಿ ಯಜಮಾನ್ರೇ. ನನ್ನ ಮರ್ಯಾದೆಯಾದ್ರೂ ಉಳೀಲಿ."

ಅವರು ಮೂಲೆಯಲ್ಲೇ ಬಿಟ್ಟಿದ್ದ ಸುತ್ತಿಗೆ ಎತ್ತಿಕೊಂಡರು. ಮೊದಲ ಏಟಿಗೆ ಸುಣ್ಣ ಮಾತ್ರ ಉದುರಿತು. ಎರಡನೆಯದಕ್ಕೆ ಒಂದು ಚಕ್ಕೆ. ಅಷ್ಟು ಗಟ್ಟಿಯಾಗಿ ಮೆತ್ತಿದ್ದರು. ಒಂದು ಗಳಿಗೆ ನಿಂತು, ತಾವೇ ನಯಮಾಡಿದ ಜಾಗವನ್ನು ಅಂಗೈಯಿಂದ ಸವರಿದರು. ಆಮೇಲೆ ಮುಖ ಆಚೆ ತಿರುಗಿಸಿ ಬೀಸಿ ಹೊಡೆದರು. ಗಾರೆ ಧಸಕ್ಕನೆ ಜಾರಿತು, ಅದರ ಜತೆ ಎರಡು ಇಟ್ಟಿಗೆಗಳೂ. ಹಿತ್ತಲಿನ ಬೆಳಕು ಕೋಣೆಯೊಳಗೆ ಬಿತ್ತು.

ಇಂಜಿನಿಯರು ಬಿರುಕಿಗೆ ಅಳತೆಪಟ್ಟಿ ಇಟ್ಟು ನಾಲ್ಕು ಫೋಟೋ ತೆಗೆದ. ಮತ್ತೆ ಪೆನ್ನು ಹೊರಗೆ ಬಂತು. "ಕೆಡವಲೇಬೇಕು. ರಿಪೇರೀನೂ ಸೇರಿಸಿ ಬರೀತೀನಮ್ಮ" ಎಂದವನು ಬಿದ್ದ ಚಕ್ಕೆಯೊಂದನ್ನು ಎತ್ತಿ ನೋಡಿದ. "ಕೆಲಸ ಮಾತ್ರ ಅಚ್ಚುಕಟ್ಟು. ನಾನೇ ಮೋಸ ಹೋಗಿದ್ದೆ."

ಅವರೆಲ್ಲ ಹೋದಮೇಲೆ ಟೈಲರಮ್ಮ ಬೀಗದ ಕೈಯನ್ನು ಮಾವನ ಮುಂದೆ ಹಿಡಿದಳು. "ಇನ್ನು ಇದು ನಿಮ್ಮ ಹತ್ರಾನೇ ಇರ್ಲಿ. ಹೊಸ ಗೋಡೆ ನೀವೇ ನಿಂತು ಕಟ್ಟಿಸ್ಬೇಕು."

ಮಾವ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿದರು. "ಆ ಮನೆ ಮಾರೋನ ಹತ್ರ ಇನ್ನೊಂದು ಕೀ ಇಲ್ಲ ಅಂತ ಏನು ಗ್ಯಾರಂಟಿ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸುಣ್ಣ ಮೆತ್ತಿದ ಆ ಕೈಯನ್ನು ಹಿಡಿದುಕೊಂಡಳು. "ಬಿದ್ದುಹೋಗ ಅಂದ್ಬಿಟ್ಟೆ ಮಾವ."

"ಬೀಳೋದಿದ್ರೆ ಗೋಡೆ ಎದ್ಮೇಲೆ ಬೀಳುತ್ತೆ ಬಿಡು" ಎಂದು ಅವರು ಸುತ್ತಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ನಡೆದರು.